ತೋಟಾ ತುಂಬುವ ಯಂತ್ರವೂ ತುಂಬುವವನ ಕಣ್ಣೂ

ಕೊಡಗಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ ಹಳೆಯ ವಿದ್ಯಾರ್ಥಿಗಳಿಂದ ಪ್ರಶ್ನೆಗಳು ಬರುವುದು ಇನ್ನೂ ನಿಂತಿಲ್ಲ. ಮಗಳನ್ನು ಯಾವ ಕಾಲೇಜಿಗೆ ಸೇರಿಸಲಿ, ಕಾಫಿ ತೋಟಕ್ಕೆ ಈ ವರ್ಷ ಸುಣ್ಣ ಹಾಕಲೇ ಬೇಡವೇ ಎಂಬಂಥ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಕೊಡುತ್ತ ಬಂದಿದ್ದೇನೆ. ಆದರೆ ಕಳೆದ ತಿಂಗಳು ಅಮೆರಿಕದ ಅರಿಜೋನಾ ಪ್ರಾಂತ್ಯದಿಂದ ಬಂದ ಪ್ರಶ್ನೆ ಬೇರೆಯದೇ ಜಾತಿಯದು. "ಸಾರ್, ಮನೆಯಲ್ಲಿ ತೋಟಾ ತುಂಬಲು ಹೊಸ ಯಂತ್ರ ಕೊಳ್ಳಬೇಕೆಂದಿದ್ದೇನೆ. ಯಾವುದು ಕೊಳ್ಳಲಿ?"

ಕೋವಿಯನ್ನು ಮುಟ್ಟದ ಮೇಷ್ಟರನ್ನು ಇದನ್ನೇಕೆ ಕೇಳಿದ ಎಂದು ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವುಂಟು, ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಊರಿನಲ್ಲಿರುವ ಶಿಷ್ಯರಿಗೂ ಬಂಧುಗಳಿಗೂ ಒಂದು ಮಾತು. ಇದು ನಮ್ಮ ದೇಶದಲ್ಲಿ ಮಾಡುವ ಕೆಲಸವಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಬೇಕೇ ಬೇಕು. ಅಮೆರಿಕದಲ್ಲಾದರೋ ಸ್ವಂತ ಉಪಯೋಗಕ್ಕೆ ತೋಟಾ ತುಂಬಿಕೊಳ್ಳಲು ಕೇಂದ್ರ ಕಾನೂನಿನ ಪರವಾನಗಿ ಬೇಡ; ಮಾರುವುದಕ್ಕೆ ಬೇಕು. ಅಲ್ಲಿ ಅದು ಲಕ್ಷಾಂತರ ಜನರ ಹವ್ಯಾಸ. ಜನ ಕೋವಿ ಇಟ್ಟುಕೊಳ್ಳಬೇಕೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಇಟ್ಟುಕೊಂಡವನು ತನ್ನ ಕೈಯನ್ನೂ ಪಕ್ಕದವನ ಜೀವವನ್ನೂ ಹೇಗೆ ಉಳಿಸಿಕೊಳ್ಳಬೇಕೆಂಬುದಷ್ಟೇ ಈ ಬರಹದ ವಿಷಯ.

ತೋಟಾ ಎಂದರೆ ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಗುಂಡು. ಈಡು ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೋಶವನ್ನು ಮತ್ತೆ ಮತ್ತೆ ಬಳಸಬಹುದು. ಹಳೆಯ ಪ್ರೈಮರ್ ತೆಗೆದು ಕೋಶವನ್ನು ಅಳತೆಗೆ ತರಬೇಕು, ಹೊಸ ಪ್ರೈಮರ್ ಕೂರಿಸಬೇಕು, ಬಾಯಿ ತುಸು ಅಗಲಿಸಿ ಮದ್ದು ಸುರಿಯಬೇಕು, ಗುಂಡು ಕೂರಿಸಿ ಬಾಯಿ ಬಿಗಿಯಬೇಕು. ಸಾಮಾನ್ಯ ಪ್ರೆಸ್ಸಿನಲ್ಲಿ ಹಿಡಿಯನ್ನು ಒಮ್ಮೆ ಎಳೆದರೆ ಒಂದು ಕೋಶಕ್ಕೆ ಒಂದು ಕೆಲಸ ಮಾತ್ರ. ಪ್ರೊಗ್ರೆಸ್ಸಿವ್ ಪ್ರೆಸ್ಸಿನಲ್ಲಿ ದುಂಡನೆಯ ತಟ್ಟೆಯೊಂದರ ಮೇಲೆ ನಾಲ್ಕೈದು ಕೋಶಗಳು ಒಟ್ಟಿಗೆ ನಿಂತಿರುತ್ತವೆ. ಒಂದೇ ಎಳೆತಕ್ಕೆ ಪ್ರತಿಯೊಂದಕ್ಕೂ ಅದರದರ ಕೆಲಸ ಆಗುತ್ತದೆ, ತಟ್ಟೆ ಒಂದು ಸ್ಥಾನ ಮುಂದೆ ತಿರುಗುತ್ತದೆ, ಎಳೆತಕ್ಕೊಂದರಂತೆ ಸಿದ್ಧವಾದ ತೋಟಾ ಹೊರಬೀಳುತ್ತದೆ.

ಈಗ ಕಾರಣಕ್ಕೆ ಬರುತ್ತೇನೆ. 2023ರ ಜುಲೈಯಲ್ಲಿ ನಾನು ಫೀನಿಕ್ಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಆ ತಿಂಗಳು ಅಲ್ಲಿ ದಿನದಿನವೂ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಸತತ 31 ದಿನ ಹಾಗಾಗಿ ದಾಖಲೆಯೇ ಆಯಿತು. ಈ ಶಿಷ್ಯನ ಮನೆ ಅಲ್ಲಿಂದ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಬೆಳಗ್ಗೆ ಬಿಸಿಲೇರುವ ಮುನ್ನ ಗುರಿ ಹೊಡೆಯುವ ಮೈದಾನಕ್ಕೆ ಹೋದವನು ಬಹು ಬೇಗ ಹಿಂದಿರುಗಿ ನನ್ನನ್ನು ನೋಡಲು ಬಂದ. ಮುಖದಲ್ಲಿ ಕಳೆ ಇರಲಿಲ್ಲ. ಕುದುರೆ ಒತ್ತಿದಾಗ "ಢಂ" ಎನ್ನಬೇಕಾದ ಪಿಸ್ತೂಲು "ಫಟ್" ಎಂದಿತಂತೆ. ರೂಢಿಬಲದಿಂದ ಎರಡನೆಯ ಈಡಿಗೆ ಬೆರಳು ಹೋಗುತ್ತಿದ್ದಂತೆಯೇ ಮೈದಾನದ ಮೇಲ್ವಿಚಾರಕ "ನಿಲ್ಲಿಸು" ಎಂದು ಕೂಗಿದನಂತೆ. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಪ್ರೈಮರಿನ ಬಲವೊಂದೇ ಗುಂಡನ್ನು ಅಲ್ಲಿಯವರೆಗೆ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹೋಗಿದ್ದರೆ ನಳಿಗೆ ಸಿಡಿಯಬಹುದಿತ್ತು.

ತಪ್ಪು ಯಂತ್ರದ್ದಲ್ಲ. ತೋಟಾ ತುಂಬುವಾಗ ದೂರವಾಣಿ ಬಂದಿತ್ತು. ಮಾತನಾಡುತ್ತಲೇ ಹಿಡಿ ಎಳೆದ. ಮೇಲಿನ ಕೊಳವೆಯಲ್ಲಿ ಮದ್ದು ಮುಗಿದದ್ದು ತಿಳಿಯಲಿಲ್ಲ. ಗುಂಡುಗಳನ್ನು ತಾನಾಗಿಯೇ ಕೋಶದ ಬಾಯಿಗೆ ಇಡುವ ಉಪಕರಣವನ್ನು ಅದಕ್ಕೆ ಜೋಡಿಸಿದ್ದ. ಹೀಗಾಗಿ ಕೋಶದೊಳಗೆ ಇಣುಕಿ ನೋಡುವ ಪ್ರಸಂಗವೇ ಅವನಿಗೆ ಬರಲಿಲ್ಲ.

ಆ ಸರದಿಯಲ್ಲಿ ತುಂಬಿದ 300 ತೋಟಾಗಳು ಮನೆಯಲ್ಲಿ ಉಳಿದಿದ್ದವು. "ತಕ್ಕಡಿಯಲ್ಲಿ ತೂಗಿ ಹಗುರವಾದವನ್ನು ತೆಗೆದರಾಯಿತಲ್ಲ" ಎಂದೆ. ಅವನು ನಗಲಿಲ್ಲ. "ಸಾರ್, ಒಂದು ತೋಟಾದ ಮದ್ದು ಐದು ಗ್ರೇನಿನ ಆಸುಪಾಸು. ಕೋಶ ಕೋಶಕ್ಕೂ ಗುಂಡು ಗುಂಡಿಗೂ ಇರುವ ತೂಕದ ವ್ಯತ್ಯಾಸವೇ ಅಷ್ಟಿರಬಹುದು" ಎಂದ. ಲೆಕ್ಕ ಹಾಕಿದೆ. ಐದು ಗ್ರೇನ್ ಎಂದರೆ ಒಂದು ಗ್ರಾಮಿನ ಮೂರನೆಯ ಒಂದು ಭಾಗ. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಮೂರು ಗುಲಗಂಜಿಗೂ ಕಡಿಮೆ. ಮುಚ್ಚಿದ ತೋಟಾದ ತೂಕದಿಂದ ಒಳಗಿನದನ್ನು ನಂಬಿಕೆಯಾಗಿ ಹೇಳಲಾಗದು. ಪಾಠ ಹೇಳಿದವನು ಪಾಠ ಕಲಿತೆ. ಕೊನೆಗೆ ಎರಡು ಸಂಜೆ ಅವನ ಮೇಜಿನ ಬಳಿ ಕುಳಿತೆವು. ಟೊಳ್ಳು ತಲೆಯ ಸುತ್ತಿಗೆಯಂಥ ಸಾಧನದಲ್ಲಿ ತೋಟಾ ಸಿಕ್ಕಿಸಿ ಕುಟ್ಟಿ ಕುಟ್ಟಿ ಅವನು ಗುಂಡು ಬಿಡಿಸಿದ. ಕನ್ನಡಕ ಹಾಕಿಕೊಂಡು ನಾನು ಒಂದೊಂದನ್ನೂ ಎಣಿಸಿದೆ. ಮದ್ದಿಲ್ಲದವು ಇನ್ನೂ ಎರಡು ಸಿಕ್ಕಿದವು. ಅವನ ಹನ್ನೊಂದು ವರ್ಷದ ಮಗ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಮುಂದಿನ ವಾರ ಮೈದಾನಕ್ಕೆ ಅವನನ್ನೂ ಕರೆದೊಯ್ಯುವುದಾಗಿ ತಂದೆ ಮಾತು ಕೊಟ್ಟಿದ್ದನಂತೆ. ಅವನು ಈಗ ನನ್ನನ್ನು ಕೇಳಿದ್ದು ಆ ಎರಡು ಸಂಜೆಗಳ ಋಣದಿಂದ.

ಆ ರಾತ್ರಿ ನನಗೆ ನೆನಪಾದದ್ದು ನಾನು ಪಾಠ ಹೇಳುತ್ತಿದ್ದ ಊರಿನ ಒಬ್ಬ ವೃದ್ಧರು. ಕೈಲ್ ಮುಹೂರ್ತದ ದಿನ ಅವರ ಮನೆಯಲ್ಲಿ ಕೋವಿಗಳಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ನಡೆಯುತ್ತಿತ್ತು. ಅವರ ಹಳೆಯ ಕೇಪಿನ ಕೋವಿಯ ಗಜಕ್ಕೆ ಒಂದು ಕಡೆ ಗೀರು ಹಾಕಿದ್ದರು. ಕೋವಿ ಕೈಗೆತ್ತಿಕೊಂಡರೆ ಮೊದಲು ಗಜವನ್ನು ನಳಿಗೆಗೆ ಇಳಿಸುವರು. ಗೀರು ನಳಿಗೆಯ ಬಾಯಿಗೆ ಸರಿಯಾಗಿ ನಿಂತರೆ ಖಾಲಿ. ಮೇಲೆ ನಿಂತರೆ ಒಳಗೆ ಈಡಿದೆ. "ನಿನ್ನೆ ನಾನೇ ತೆಗೆದಿದ್ದೆ ಎಂದು ನನಗೆ ಗೊತ್ತು, ಆದರೂ ನೋಡಬೇಕು" ಎನ್ನುತ್ತಿದ್ದರು. ಅಕ್ಷರ ಕಲಿಯದ ಆ ಹಿರಿಯರ ಗಜಕ್ಕೆ ಇದ್ದ ಗೀರು, ಇಂಜಿನಿಯರನಾದ ನನ್ನ ಶಿಷ್ಯನ ಯಂತ್ರದಲ್ಲಿ ಇರಲಿಲ್ಲ.

ಆದುದರಿಂದ ಯಂತ್ರ ಕೊಳ್ಳುವವನು ಗಂಟೆಗೆ ಎಷ್ಟು ತೋಟಾ ಎಂದು ಮೊದಲು ಕೇಳಬಾರದು. ಗುಂಡು ಕುಳಿತು ಬಾಯಿ ಮುಚ್ಚುವ ಮುನ್ನ ಮದ್ದು ನನ್ನ ಕಣ್ಣಿಗೆ ಬೀಳುತ್ತದೆಯೇ ಎಂದು ಕೇಳಬೇಕು. ಇದು ನನ್ನ ಖಚಿತವಾದ ಅಭಿಪ್ರಾಯ.

ಆದರೂ ಲೆಕ್ಕವನ್ನು ಬಿಡುವಂತಿಲ್ಲ. ಒಂದೊಂದೇ ಕೆಲಸದ ಪ್ರೆಸ್ಸಿನಲ್ಲಿ ಗಂಟೆಗೆ ಸುಮಾರು 50 ತೋಟಾ ಆದಾವು. ತಿಂಗಳಿಗೆ 200 ಹೊಡೆಯುವವನಿಗೆ ನಾಲ್ಕು ಗಂಟೆ ಸಾಕು. ಅಂಥವನು ಗಂಟೆಗೆ 1000 ಕೊಡುವ ಯಂತ್ರ ತಂದರೆ ತಿಂಗಳಿಗೆ ಹನ್ನೆರಡು ನಿಮಿಷದ ಕೆಲಸಕ್ಕೆ ದೊಡ್ಡ ಮೊತ್ತ ಸುರಿದಂತಾಯಿತು. ನನ್ನ ಶಿಷ್ಯ ಮೊದಲು ಮಾಡಿದ್ದು ಇದನ್ನೇ. ಈಗ ಅವನು ಸ್ಪರ್ಧೆಗಳಿಗೆ ಹೋಗುತ್ತಾನೆ, ತಿಂಗಳಿಗೆ 800 ಬೇಕು. ಐವತ್ತರ ಲೆಕ್ಕದಲ್ಲಿ ಅದು ಹದಿನಾರು ಗಂಟೆ. "ದಣಿದ ಕಣ್ಣೂ ತಪ್ಪು ಮಾಡುತ್ತದೆ ಸಾರ್" ಎಂದು ಬರೆದಿದ್ದಾನೆ. ಈ ಮಾತನ್ನು ಒಪ್ಪಲೇಬೇಕು. ಅವನಿಗೆ ಪ್ರೊಗ್ರೆಸ್ಸಿವ್ ಯಂತ್ರವೇ ತಕ್ಕದ್ದು. ಹೊಸಬರು ಮಾತ್ರ ಮೊದಲ ಸಾವಿರ ತೋಟಾಗಳನ್ನು ಒಂಟಿ ಪ್ರೆಸ್ಸಿನಲ್ಲಿಯೋ, ಲೀ ಸಂಸ್ಥೆಯ ಕ್ಲಾಸಿಕ್ ಟರೆಟ್‌ನಂಥ ತಿರುಗುವ ತಲೆಯ ಪ್ರೆಸ್ಸಿನಲ್ಲಿಯೋ ತುಂಬಿ ಕೈ ಪಳಗಿಸಿಕೊಳ್ಳಲಿ. ಒಂಟಿ ಪ್ರೆಸ್ಸಿನವರು ಮದ್ದು ಸುರಿದ ಐವತ್ತು ಕೋಶಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ದೀಪದ ಕೆಳಗೆ ಒಂದೇ ನೋಟದಲ್ಲಿ ನೋಡಬಹುದು. ಇದರ ಬೆಲೆ ಕಡಿಮೆಯದಲ್ಲ.

ಇನ್ನು ಯಾವ ಪ್ರೊಗ್ರೆಸ್ಸಿವ್? ಇವನ ಮನೆಗೆ ಸಮೀಪದ ಸ್ಕಾಟ್ಸ್‌ಡೇಲ್‌ನಲ್ಲಿರುವ ಡಿಲನ್ ಸಂಸ್ಥೆಯ 550ಕ್ಕೆ ನಾಲ್ಕು ಸ್ಥಾನ. ತಟ್ಟೆಯನ್ನು ಪ್ರತಿ ಸಲ ಕೈಯಿಂದ ತಿರುಗಿಸಬೇಕು. ಅದೇ ಸಂಸ್ಥೆಯ 750ಕ್ಕೂ ನೆಬ್ರಾಸ್ಕದ ಹಾರ್ನಡಿಯವರ ಲಾಕ್-ಎನ್-ಲೋಡ್‌ಗೂ ಐದು ಸ್ಥಾನ. ತಟ್ಟೆ ತಾನೇ ತಿರುಗುತ್ತದೆ. ಕೈಯಿಂದ ತಿರುಗಿಸುವ ಯಂತ್ರ ನಮ್ಮ ವೇಗದಲ್ಲಿಯೇ ನಡೆಯುತ್ತದೆ, ಎಡವಿದರೆ ಅಲ್ಲಿಯೇ ನಿಲ್ಲುತ್ತದೆ ಎಂಬುದು ಅದರ ಗುಣ. ಆದರೆ ತಿರುಗಿಸಲು ಮರೆತು ಹಿಡಿ ಎಳೆದರೆ ಒಂದೇ ಕೋಶಕ್ಕೆ ಎರಡು ಪಾಲು ಮದ್ದು ಬೀಳಬಹುದು. ಇದು ಮದ್ದಿಲ್ಲದ ತೋಟಾದಷ್ಟೇ ಘೋರ. ತಾನೇ ತಿರುಗುವ ಯಂತ್ರದಲ್ಲಿ ಈ ಮರೆವಿಗೆ ಅವಕಾಶ ಕಡಿಮೆ. ಆದರೆ ನಡುವೆ ಸಿಕ್ಕಿಕೊಂಡಾಗ ಹಿಡಿಯನ್ನು ಅತ್ತಿತ್ತ ಅಲುಗಿಸಿದರೆ ಅಲ್ಲಿಯೂ ಲೆಕ್ಕ ತಪ್ಪೀತು.

ದೂರವಾಣಿ ಬಂದರೆ ಬಿಡಲಾರದ ನನ್ನ ಶಿಷ್ಯನಂಥವರಿಗೆ ಐದು ಸ್ಥಾನದ ಯಂತ್ರವೇ ಲೇಸು. ಮದ್ದು ಬೀಳುವ ಸ್ಥಾನಕ್ಕೂ ಗುಂಡು ಕೂರುವ ಸ್ಥಾನಕ್ಕೂ ನಡುವೆ ಮದ್ದಿನ ಮಟ್ಟ ಪರೀಕ್ಷಿಸುವ ಸಾಧನ ಇಡಲು ಅಲ್ಲಿ ಜಾಗವಿದೆ. ಆ ವೃದ್ಧರ ಗಜದ ಗೀರು ಇದೇ. ತಮಾಷೆಯೆಂದರೆ, ಗುಂಡನ್ನು ತಾನೇ ಇಡುವ ಉಪಕರಣ ಬೇಕೆಂದವರು ಅನೇಕ ಸಲ ಈ ಜಾಗವನ್ನೇ ಅದಕ್ಕೆ ಬಿಟ್ಟುಕೊಡುತ್ತಾರೆ. ಲೀ ಸಂಸ್ಥೆಯ ಆರು ಸ್ಥಾನದ ಯಂತ್ರದಲ್ಲಿ ಎರಡಕ್ಕೂ ಎಡೆಯಿದೆಯೆಂದು ಒಪ್ಪಬಹುದು. ಆದರೂ ಆ ಉಪಕರಣ ಬೇಡವೆಂದೇ ನನ್ನ ಸಲಹೆ. ಗುಂಡನ್ನು ಬೆರಳಿನಿಂದ ಇಡುವ ಒಂದು ಕ್ಷಣದಲ್ಲಿ ಕಣ್ಣು ಕೋಶದ ಬಾಯಿಗೆ ಹೋಗಿಯೇ ತೀರುತ್ತದೆ. ಅದೇ ಕೊನೆಯ ನೋಟ. ಖಾಲಿ ಕೋಶ ಒದಗಿಸುವ ಉಪಕರಣ ಇಟ್ಟುಕೊಂಡರೆ ಅಡ್ಡಿಯಿಲ್ಲ. ಖಾಲಿ ಕೋಶದಲ್ಲಿ ನೋಡಬೇಕಾದ ಮದ್ದಿರುವುದಿಲ್ಲ. ಸ್ಥಾನದ ಮೇಲೆ ಒಂದು ಸಣ್ಣ ದೀಪವಿರಲಿ. ಮದ್ದಿನಲ್ಲಿಯೂ ಕೋಶವನ್ನು ಅರ್ಧಕ್ಕಿಂತ ಹೆಚ್ಚು ತುಂಬುವಂಥದ್ದನ್ನು ಆರಿಸಿಕೊಂಡರೆ ಎರಡು ಪಾಲು ಬಿದ್ದಾಗ ಹೊರಚೆಲ್ಲಿ ತಾನೇ ಹೇಳುತ್ತದೆ. ಹೊಸ ಯಂತ್ರದಲ್ಲಿ ಮೊದಲ ನೂರಕ್ಕೆ ತಟ್ಟೆಯ ಮೇಲೆ ಒಂದೇ ಕೋಶವಿಟ್ಟು ಎಲ್ಲ ಸ್ಥಾನ ಸುತ್ತಿಸಿ ಅಭ್ಯಾಸ ಮಾಡಬೇಕು.

ಮನೆಯ ವಿಷಯ ಇನ್ನೊಂದೆರಡು ಇವೆ. ಪ್ರೊಗ್ರೆಸ್ಸಿವ್ ಯಂತ್ರಗಳಲ್ಲಿ ನೂರು ಪ್ರೈಮರುಗಳು ಒಂದರ ಮೇಲೊಂದು ಕೊಳವೆಯಲ್ಲಿ ನಿಲ್ಲುವುದು ಸಾಮಾನ್ಯ. ಒಂದು ಸಿಡಿದರೆ ಉಳಿದವೂ ಸಿಡಿಯಬಹುದು. ಕೊಳವೆಗೆ ಉಕ್ಕಿನ ಕವಚವಿಲ್ಲದ ಯಂತ್ರ ಬೇಡ; ಕಣ್ಣಿಗೆ ರಕ್ಷಾ ಕನ್ನಡಕವಿಲ್ಲದೆ ಕೂರುವುದೂ ಬೇಡ. ಫೀನಿಕ್ಸಿನ ಬೇಸಗೆಯಲ್ಲಿ ಕಾರಿನ ಶೆಡ್ಡು ಒಲೆಯಾಗುತ್ತದೆ, ಮದ್ದು ಅಲ್ಲಿರಕೂಡದು. ಅಲ್ಲಿಯ ಅಗ್ನಿಸುರಕ್ಷಾ ಸಂಹಿತೆಯಂತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿಯೇ 20 ಪೌಂಡು ಮದ್ದು, 10,000 ಪ್ರೈಮರು ಇಡಬಹುದು. ಇವನಿಗೆ ಅದರ ಕಾಲು ಭಾಗವೂ ಹೆಚ್ಚು. ಬಳಸಿದ ಕೋಶದ ಧೂಳಿನಲ್ಲಿ ಸೀಸವಿರುತ್ತದೆ. ಆ ಮೇಜಿನ ಬಳಿ ತಿಂಡಿ ಕಾಫಿ ಕೂಡದು. ಎದ್ದ ಕೂಡಲೇ ಕೈ ತೊಳೆಯಬೇಕು. ಮಗ ಹತ್ತಿರ ಬರುವುದಾದರೆ ಈ ಕಟ್ಟಳೆ ಅವನಿಗೂ ಸೇರಿತು.

ಇದನ್ನೆಲ್ಲ ಬರೆದು ಕಳುಹಿಸಿದೆ. ಐದು ಸ್ಥಾನದ್ದನ್ನೇ ಕೊಳ್ಳುತ್ತೇನೆ, ಗುಂಡು ಇಡುವ ಉಪಕರಣವನ್ನು ಮಾರಿಬಿಟ್ಟೆ ಎಂದು ಉತ್ತರ ಬಂದಿದೆ. ಜೊತೆಗೆ ಒಂದು ಸಾಲು: ತೋಟಾ ತುಂಬುವಾಗ ದೂರವಾಣಿಯನ್ನು ಮಗ ಪಕ್ಕದ ಕೋಣೆಗೆ ಒಯ್ದು ಇಟ್ಟುಕೊಳ್ಳುತ್ತಾನಂತೆ. ನಾನು ಯಾವುದೇ ಹೊತ್ತಿನಲ್ಲಿ ಕರೆ ಮಾಡಿದರೂ "ಅಪ್ಪ ಕೆಲಸದಲ್ಲಿದ್ದಾರೆ ಅಜ್ಜ, ಆಮೇಲೆ ಮಾಡಿ" ಎನ್ನಲು ಅವನಿಗೆ ಅಪ್ಪಣೆಯಾಗಿದೆಯಂತೆ. ಕಳೆದ ಶನಿವಾರ ಹಾಗೆಯೇ ಆಯಿತು.