ಮೊಮ್ಮಗನಾಗಿ ಮರಳಿದ ಅಜ್ಜ

ಮೊಮ್ಮಕ್ಕಳ ಮುಗ್ಧ ನಗೆಯಿಂದ ಹಿರಿಯರು ಆಶಾವಾದವನ್ನು ಕಲಿಯಬೇಕೆಂಬುದು ಲೋಕರೂಢಿಯ ಮಾತು. ಆದರೆ ಮಗುವಿನ ಭರವಸೆಗೆ ಅದರ ಅರಿಯದತನವೊಂದೇ ಆಧಾರವಾದರೆ, ನೋವುಂಡ ಹಿರಿಯರಿಗೆ ಅದು ನಲಿವಾದೀತೇ ಹೊರತು ಪಾಠವಾಗದು. ಈ ತೊಡಕನ್ನು ಬಿಡಿಸುವ ಕಾವ್ಯ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'.

ಉಜ್ಜಯಿನಿಯ ಅರಸ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿಗಳಿಂದ ತೊಡಗಿ ಕೋಳಿಗಳವರೆಗೆ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಕಡೆಗೆ ಯಶೋಧರನ ಮಗ ಯಶೋಮತಿಯ ಮಕ್ಕಳಾಗಿಯೇ ಹುಟ್ಟಿದರು. ಅಭಯರುಚಿ ಯಶೋಧರನ ಮೊಮ್ಮಗನೂ ಹೌದು, ಸ್ವತಃ ಯಶೋಧರನೂ ಹೌದು. ಅವನು ಎಳೆಯನಾದರೂ ಅರಿಯದವನಲ್ಲ. ಹಿಂದಿನ ಭವಗಳೆಲ್ಲವೂ ಅವನ ಸ್ಮರಣೆಯಲ್ಲಿವೆ.

ಭಿಕ್ಷೆಗೆ ಹೊರಟ ಈ ಎಳೆಯರನ್ನು ಚಂಡಮಾರಿಯ ಗುಡಿಗೆ ಬಲಿಗಾಗಿ ಎಳೆದು ತಂದಾಗ ಅಣ್ಣ ತಂಗಿಗೆ ಧೈರ್ಯ ಹೇಳುತ್ತಾನೆ. ಕತ್ತಿ ಹಿಡಿದ ಮಾರಿದತ್ತನಿಗೆ ಶಾಪವಿಲ್ಲ. ಧರ್ಮದಿಂದ ರಾಜ್ಯವಾಳೆಂಬ ಹರಕೆಯಿದೆ. ಕೊಲ್ಲಬಂದವನೂ ಬದಲಾಗಬಲ್ಲನೆಂಬ ಈ ನಂಬಿಕೆಯೇ ನಿಜವಾದ ಆಶಾವಾದ. ತಾನೇ ಕೊಂದು, ಕೊಲೆಗೀಡಾಗಿ, ಬದಲಾದವನ ನಂಬಿಕೆಯದು.

ಕೃತಜ್ಞತೆಯ ಪಾಠವೂ ಇಲ್ಲಿದೆ. ಕೋಳಿಗಳಾಗಿದ್ದಾಗ ಕಿವಿಗೆ ಬಿದ್ದ ಧರ್ಮೋಪದೇಶವೇ ಅವರಿಗೆ ಮನುಷ್ಯಜನ್ಮದ ದಾರಿಯಾಯಿತು. ಕೇಳಿದ ಹರ್ಷದಲ್ಲಿ ಕೂಗಿದ ಆ ಕೋಳಿಗಳನ್ನು ಬಾಣವೆಸೆದು ಕೊಂದವನು ಯಶೋಮತಿ. ಮರುಜನ್ಮದಲ್ಲಿ ಅವನೇ ತಂದೆ. ಬಾಣದ ನೆನಪು ಹಗೆಯಾಗಿ ಉಳಿಯಲಿಲ್ಲ, ಉಪದೇಶದ ನೆನಪು ಋಣವಾಗಿ ಉಳಿಯಿತು. ಆ ಋಣವನ್ನು ಅಭಯರುಚಿ ತೀರಿಸುವುದು ತನ್ನ ಕಥೆಯನ್ನೇ ಮಾರಿದತ್ತನಿಗೆ ಹೇಳುವುದರ ಮೂಲಕ. ಪಡೆದುದನ್ನು ಅಗತ್ಯವಿದ್ದವನಿಗೆ ದಾಟಿಸುವುದೇ ಇಲ್ಲಿ ಕೃತಜ್ಞತೆ. ಅರಸ ಬಲಿಯನ್ನು ತೊರೆದು ದೀಕ್ಷೆಗೆ ತೆರಳುತ್ತಾನೆ.

ಅಮೃತಮತಿ ಮತ್ತು ಅಷ್ಟಾವಂಕರ ಪ್ರಸಂಗದ ಸೆಳೆತದಲ್ಲಿ ಓದುಗರು ಈ ಚೌಕಟ್ಟಿನ ಕಥೆಯನ್ನು ಹಗುರವಾಗಿ ಕಾಣುವುದುಂಟು. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕದಲ್ಲಿಯೂ ರಾಜ, ರಾಣಿ, ತಾಯಿ, ಮಾವುತರಿದ್ದಾರೆ, ಈ ಮಕ್ಕಳಿಲ್ಲ. ನಾಟಕಕ್ಕೆ ಆ ಆಯ್ಕೆ ಸಹಜ. ಆದರೆ ಕಾವ್ಯದ ಅಧ್ಯಯನದಲ್ಲಿ ಮಕ್ಕಳನ್ನು ಬಿಟ್ಟರೆ ಉಳಿಯುವುದು ಪತನದ ಕಥೆಯಷ್ಟೆ. ಪತನವನ್ನು ಕಂಡೂ ಬದುಕನ್ನು ಹರಸುವ ದನಿಯನ್ನು ಜನ್ನನು ಇಟ್ಟಿರುವುದು ಮೊಮ್ಮಗನ ಬಾಯಲ್ಲಿ.