ಸುಲ್ತಾನನ ಪುಸ್ತಕದಲ್ಲಿ ಕುದುರೆ ಕಾಯುವವನ ಮಾತು

ಪರ್ಷಿಯದ ಸೂಕ್ಷ್ಮಚಿತ್ರಗಳ ಮಾತು ಬಂದೊಡನೆ ನಮ್ಮ ವಿಚಾರವಂತರಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಹೂದೋಟ, ಮಧುಪಾತ್ರೆ, ಹೊನ್ನಿನ ಆಕಾಶ, ನಡುವೆ ರತ್ನಗಂಬಳಿಯ ಮೇಲೆ ಸುಲ್ತಾನ. ಅನ್ನವಿಟ್ಟ ಒಡೆಯನ ಹೊಗಳಿಕೆಯಲ್ಲದೆ ಇಲ್ಲಿ ಇನ್ನೇನಿದೆ ಎಂದು ಅವರ ಪ್ರಶ್ನೆ. ಚಿತ್ರವನ್ನು ನೋಡದೆಯೂ ಕೇಳಬಹುದಾದ ಪ್ರಶ್ನೆ ಇದು.

ನೋಡುವವರಿಗೆ ಉತ್ತರ ಕೈರೋ ನಗರದಲ್ಲಿದೆ. ಹೆರಾತಿನ ಸುಲ್ತಾನ್ ಹುಸೇನ್ ಬೈಕರಾನಿಗಾಗಿ 1488ರಲ್ಲಿ ಬರೆದ, ಸಾದಿ ಕವಿಯ 'ಬೂಸ್ತಾನ್' ಕಾವ್ಯದ ಹಸ್ತಪ್ರತಿಯೊಂದು ಅಲ್ಲಿದೆ. ಅದರ ಮೊದಲಲ್ಲಿ ಆಸ್ಥಾನದ ಪಾನಗೋಷ್ಠಿಯೇ ಇದೆ, ನಿಜ. ಆದರೆ ಒಳಗೆ ಬಿಹ್ಜಾದನ ರುಜು ಇರುವ ಇನ್ನೊಂದು ಚಿತ್ರವಿದೆ. ಬೇಟೆಯಲ್ಲಿ ಪರಿವಾರವನ್ನಗಲಿದ ದಾರಾ ದೊರೆಯ ಬಳಿಗೆ ಒಬ್ಬನು ಬರುತ್ತಾನೆ. ಶತ್ರುವೆಂದು ಬಗೆದು ದೊರೆ ಬಾಣ ಹೂಡುತ್ತಾನೆ. ಬಂದವನು ಅರಮನೆಯ ಕುದುರೆ ಕಾಯುವವನು! ತನ್ನ ಹಿಂಡಿನ ಒಂದೊಂದು ಕುದುರೆಯನ್ನೂ ತಾನು ಗುರುತಿಸಬಲ್ಲೆನೆಂದೂ, ಎಷ್ಟೋ ಸಲ ಕಂಡು ಮಾತಾಡಿಸಿದ ಆಳಿನ ಗುರುತು ದೊರೆಗೆ ಸಿಕ್ಕಲಿಲ್ಲವೆಂದೂ, ಅಂಥ ರಾಜ್ಯಕ್ಕೆ ಕ್ಷೇಮವಿಲ್ಲವೆಂದೂ ಅವನು ಮುಖದೆದುರಿಗೇ ಹೇಳುತ್ತಾನೆ. ಸುತ್ತ ಹಸುರು, ಮರಿಗೆ ಹಾಲೂಡುವ ಹೆಣ್ಣು ಕುದುರೆ. ಸುಲ್ತಾನನ ಸ್ವಂತ ಪುಸ್ತಕದಲ್ಲಿ ಈ ಬುದ್ಧಿವಾದ! ಇದು ಹೊಗಳಿಕೆಯೆ?

ಹಾಗೆಂದು ಬಿಹ್ಜಾದನನ್ನು ಬಂಡಾಯಗಾರನೆಂದು ನಾನು ಹೇಳುತ್ತಿಲ್ಲ. ಅವನು ಆಸ್ಥಾನದ ಆಶ್ರಯದಲ್ಲಿದ್ದವನೇ. ಮಾತು ಕವಿಯದು, ಬೈಸಿಕೊಂಡವನು ಹಳೆಯ ಕಾಲದ ದೊರೆ. ಆದರೆ ಅರಸನಿಗೆ ನೀತಿ ಹೇಳುವ ಜಾಗ ಆ ಆಸ್ಥಾನದ ಕಲೆಯಲ್ಲಿತ್ತು. ಅದನ್ನು ಮರೆಮಾಚುವುದು ವಿಮರ್ಶೆಯಲ್ಲ.

ಮೂಗು ಮುರಿಯುವವರಿಗೆ ಈ ಭ್ರಮೆ ಬಂದದ್ದಾದರೂ ಹೇಗೆ? ಪುಸ್ತಕದಿಂದ ಹಾಳೆಯನ್ನು ಬೇರ್ಪಡಿಸಿ ನೋಡುವ ಅಭ್ಯಾಸದಿಂದ. ಶಾ ತಹಮಾಸ್ಪನಿಗಾಗಿ ಸಿದ್ಧವಾದ 'ಶಾಹನಾಮಾ' ಪ್ರತಿಯಲ್ಲಿ 258 ಚಿತ್ರಗಳಿದ್ದವು. 1959ರಲ್ಲಿ ಅದನ್ನು ಕೊಂಡ ಅಮೆರಿಕದ ಆರ್ಥರ್ ಹಾಟನ್, ಗ್ರಂಥಪ್ರೇಮಿ ಎನಿಸಿಕೊಂಡವರು, ಆ ಗ್ರಂಥವನ್ನೇ ಬಿಚ್ಚಿಸಿದರು. 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಹೋದವು. ಎಷ್ಟೋ ಹಾಳೆಗಳು ಮಾರಾಟವಾದವು. ಉಳಿದದ್ದು 1994ರಲ್ಲಿ ಡಿ ಕೂನಿಂಗನ ಒಂದು ಚಿತ್ರಕ್ಕೆ ಬದಲಾಗಿ ಇರಾನಿಗೆ ಮರಳಿತು. ನಾಲ್ಕು ಶತಮಾನಗಳ ಕಾಲ ಕೂಡಿದ್ದ ಪುಸ್ತಕ ನಾಲ್ಕು ದಶಕಗಳೊಳಗೆ ದಿಕ್ಕುಪಾಲಾಯಿತು.

ಕಥೆಯಿಂದ ಕಿತ್ತು ಚೌಕಟ್ಟಿಗೆ ಹಾಕಿದ ಹಾಳೆಯಲ್ಲಿ ಕುದುರೆ ಕಾಯುವವನ ಮಾತು ಯಾರಿಗೂ ಕೇಳಿಸದು. ಕಣ್ಣಿಗೆ ಉಳಿಯುವುದು ಬಣ್ಣ, ಬಂಗಾರ. ಚಿತ್ರದ ನಾಲಗೆಯನ್ನು ನಾವೇ ಕತ್ತರಿಸಿ, ಬಳಿಕ ಅದಕ್ಕೆ ಮಾತೇ ಬಾರದೆಂದು ದೂರುವುದು ಯಾವ ನ್ಯಾಯ?