ಆಡಬೇಕೋ, ಹಿಡಿಯಬೇಕೋ?

ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಬಾಗಲಕೋಟೆಗೆ ಬಂದ ಮೊಮ್ಮಗನು, "ಅಜ್ಜಾ, ಸ್ವಿಮ್ಮಿಂಗ್ ಮಾಡಿ ಬಂದೆ" ಎನ್ನುತ್ತಾನೆ. "ಈಸಿ ಬಂದೆ ಅನ್ನು, ತಮ್ಮಾ" ಎಂದು ಅಜ್ಜ ತಿದ್ದುತ್ತಾನೆ. ಅಜ್ಜನ ತಕರಾರು ಇಂಗ್ಲಿಷಿನ ಮೇಲಲ್ಲ. ಸೈಕಲ್ಲು, ಬಸ್ಸು ಎಂದು ಅವನೂ ಅನ್ನುವವನೇ. ತಕರಾರು ಇರುವುದು 'ಮಾಡಿ' ಎಂಬುದರ ಮೇಲೆ.

ಫ್ರೆಂಚರನ್ನು ಕೇಳಿದರೆ ಮೊಮ್ಮಗನ ಪಕ್ಷವನ್ನೇ ವಹಿಸಿಯಾರು. ಕಾಲ್ಚೆಂಡು, ಚದುರಂಗಗಳನ್ನು ಅವರು 'ಜೂಯೆ' ಎಂಬ ಧಾತುವಿನಿಂದ ಆಡುತ್ತಾರೆ. ಸೈಕಲ್ ಸವಾರಿ, ಬಂಡೆಯೇರುವಿಕೆಗಳನ್ನು 'ಫೇರ್' ಎಂಬುದರಿಂದ ಮಾಡುತ್ತಾರೆ. ಈಜಿಗೆ ಸ್ವಂತ ಧಾತುವಿದ್ದರೂ, ಕ್ರೀಡೆಯೆಂದು ಹೇಳುವಾಗ ಅದನ್ನು ಮಾಡುವುದೇ ರೂಢಿ. ಪಿಟೀಲನ್ನೂ ಅವರು ಆಡುವವರೇ: ಆಟಕ್ಕೆ 'ಆ', ವಾದ್ಯಕ್ಕೆ 'ದ' ಎಂದು ನಡುವಣ ಅವ್ಯಯವಷ್ಟೇ ಬೇರೆ. ಎರಡು ಧಾತುಗಳನ್ನು ಕಲಿತ ವಿದ್ಯಾರ್ಥಿ ಅರ್ಧ ಪರೀಕ್ಷೆ ಗೆದ್ದಂತೆ.

ಬಾಗಲಕೋಟೆ ಸೀಮೆಯ ಕನ್ನಡವನ್ನು ಕಲಿಯಹೊರಟವನಿಗೆ ಈ ಸೌಕರ್ಯವಿಲ್ಲ. ಚೆಂಡು, ಚಿಣಿಪಣಿಗಳನ್ನು ಆಡುವುದು ಸರಿಯೇ. ಆದರೆ ಕುಸ್ತಿಯನ್ನು ಆಡುವುದಕ್ಕಿಂತ ಹಿಡಿಯುವುದೇ ಹೆಚ್ಚು. ಗರಡಿಯಲ್ಲಿ ಬೈಠಕ್ ಹೊಡೆಯುತ್ತಾರೆ, ಲಾಗ ಹಾಕುತ್ತಾರೆ. ಹುನಗುಂದ, ಇಳಕಲ್ಲ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಎತ್ತಿನ ಬಂಡಿ ಹೊಡೆದು ರೂಢಿಯಾದ ನಾಲಿಗೆ ಸೈಕಲ್ಲನ್ನೂ 'ಹೊಡೆ'ಯುತ್ತದೆ; ಮೈಸೂರಿನವನು ಅದನ್ನೇ 'ತುಳಿ'ಯುತ್ತಾನೆ. ಒಬ್ಬನು ಸವಾರನ ಠೀವಿಯನ್ನು ಕಂಡ, ಇನ್ನೊಬ್ಬನು ಅವನ ಕಾಲುಗಳನ್ನು. ಹೋಳಿಯಲ್ಲಿ ಬಾಗಲಕೋಟೆಯ ಬೀದಿಗಳಲ್ಲಿ ಬಣ್ಣದ ಬ್ಯಾರಲ್ಲುಗಳನ್ನು ಹೇರಿದ ಬಂಡಿಗಳು ಹೊರಟಾಗ, ಕೈ ಮಾಡುವ ಕೆಲಸ ಎರಚುವುದಾದರೂ ಜನರ ಮಾತಿನಲ್ಲಿ ಅದು 'ಬಣ್ಣ ಆಡುವುದು'. ಹಲಗೆಯನ್ನು ಮಾತ್ರ ಆಡುವಂತಿಲ್ಲ. ಅದನ್ನು ಬಾರಿಸಬೇಕು, ಶಹನಾಯಿಯನ್ನು ಊದಬೇಕು.

ಹಾಗೆಂದು 'ಮಾಡು' ನಿನ್ನೆ ಮೊನ್ನೆ ಬಂದದ್ದಲ್ಲ. ಸಾಮು ಮಾಡುತ್ತಾರೆ, ಕಸರತ್ತು ಮಾಡುತ್ತಾರೆ. ಹೊರಗಿನ ನಾಮಪದಕ್ಕೆ 'ಮಾಡು' ಜೋಡಿಸಿಕೊಳ್ಳುವುದು ಕನ್ನಡದ ಹಳೆಯ ಉಪಾಯ. ವ್ಯಾಕರಣದ ದೃಷ್ಟಿಯಿಂದ ಮೊಮ್ಮಗನು ತಪ್ಪಿಲ್ಲ. ಆದರೆ ಹಿಡಿ, ಎತ್ತು, ತುಳಿ ಎಂದಾಗ ಮೈಯ ಯಾವ ಭಾಗ ದುಡಿಯಿತೆಂಬುದು ಕೇಳಿದವನಿಗೆ ಕಾಣುತ್ತದೆ. ಸ್ವಿಮ್ಮಿಂಗ್, ಸೈಕ್ಲಿಂಗ್, ಕ್ಲೈಂಬಿಂಗ್ ಮೂರನ್ನೂ 'ಮಾಡಿ'ದಾಗ ಮೈಯೇ ಮರೆಯಾಗುತ್ತದೆ. ಅಜ್ಜನಿಗೆ ನಷ್ಟವೆನಿಸಿದ್ದು ಅದೇ.

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳಿಗೆ ದೇಶವಿದೇಶಗಳಿಂದ ತರುಣರು ಹಗ್ಗ ಹೊತ್ತು ಬರುತ್ತಾರೆ. ಅವರು 'ಕ್ಲೈಂಬಿಂಗ್ ಮಾಡು'ವ ಬಂಡೆಯನ್ನು ಊರಿನ ಹುಡುಗ ಬರಿದೆ 'ಹತ್ತು'ತ್ತಾನೆ. ಆ ಸೀಮೆಯಲ್ಲಿ ಈ ಧಾತುವಿಗೆ ಇನ್ನೊಂದು ಉದ್ಯೋಗವೂ ಉಂಟು: ಮಳೆ ಹಿಡಿದರೆ 'ಮಳಿ ಹತ್ತಿತು', ಓದುತ್ತಿದ್ದರೆ 'ಓದಾಕ ಹತ್ಯಾನ'. ಹುಡುಗನು ಬಂಡೆಯ ನಡುಮಧ್ಯದಲ್ಲಿರುವಾಗ ಕೆಳಗೆ ನಿಂತವರು "ಹತ್ತಾಕ ಹತ್ಯಾನ" ಎನ್ನುತ್ತಾರೆ. ಮೊದಲನೆಯ 'ಹತ್ತು' ಕೈಕಾಲುಗಳದು, ಎರಡನೆಯದು ವ್ಯಾಕರಣದ್ದು.